ಐದಕ್ಕೆ ನಾಲ್ಕೂವರೆ ನಕ್ಷತ್ರ

ಕಳೆದ ಸಂಚಿಕೆಯಲ್ಲಿ ನಾವು ನಮ್ಮ ವಸತಿಗೃಹದ ನೀರಿನ ಟ್ಯಾಂಕಿನ ಪುರಾಣವನ್ನು ಬಿಚ್ಚಿ ವಾಚಕರ ತಾಳ್ಮೆಯನ್ನು ಪರೀಕ್ಷಿಸಿದ್ದಾಯಿತು. ಈ ಸಲ ನಕ್ಷತ್ರಗಳ ವಿಷಯ. ಆಕಾಶದ ನಕ್ಷತ್ರಗಳ ಗೋಜಿಗೆ ನಾವು ಹೋಗುವವರಲ್ಲ. ಅಷ್ಟು ಆಕಾಶ ಮುಂಬಯಿಯ ಸರಕಾರಿ ನೌಕರನ ಕಿಟಕಿಗೆ ಕಾಣುವುದೂ ಇಲ್ಲ. ಹೋಟೆಲಿನಿಂದ ಹಿಡಿದು ಹಲ್ಲಿನ ವೈದ್ಯರವರೆಗೆ ಎಲ್ಲದರ ಹೆಸರಿನ ಮುಂದೆಯೂ ಈಗ ಫೋನಿನಲ್ಲಿ ಮೂಡುತ್ತವಲ್ಲ, ಐದಕ್ಕೆ ಇಂತಿಷ್ಟು ಎಂಬ ಹಳದಿ ನಕ್ಷತ್ರಗಳು, ಅವುಗಳ ಮಾತು. ಅವು ಎಲ್ಲಿ ಹುಟ್ಟುತ್ತವೆ ಎಂಬುದನ್ನು ನಮ್ಮ ಮನೆಯ ಅಡುಗೆಮೇಜಿನ ಮೇಲೆಯೇ ಕಾಣುವ ಯೋಗ ನಮಗೆ ಒದಗಿಬಂದಿತು.

ನಮ್ಮ ಅಕ್ಕನ ಮಗ 2024ರ ಮಳೆಗಾಲದಲ್ಲಿ ಧಾರವಾಡದಿಂದ ಬಂದು ನಮ್ಮಲ್ಲಿ ಇಳಿದುಕೊಂಡ. ಹೆಸರು ಬರೆದರೆ ಹುಡುಗನಿಗೆ ಸಂಕೋಚ; ಕಾಗದ ಬರೆಯುವ ಹಳೆಯ ಪದ್ಧತಿಯಂತೆ ಚಿರಂಜೀವಿ ಎಂದೇ ಕರೆಯೋಣ. ಇದನ್ನೆಲ್ಲ ಬರೆಯಲು ಅವನ ಒಪ್ಪಿಗೆಯೂ ಉಂಟು. ಬಿ.ಕಾಂ. ಮುಗಿಸಿದ್ದಾನೆ. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮುಂದೆ ಒಂದು ದೊಡ್ಡ ಪರೀಕ್ಷೆಗೆ ಕೂಡ್ರುವ ಹಂಬಲ. ರಾತ್ರಿ ಊಟವಾಗಿ ಪಾತ್ರೆಗಳು ಒಳಗೆ ಹೋದ ಮೇಲೆ ಅದೇ ಮೇಜಿನ ಮೇಲೆ ಅವನ ಲ್ಯಾಪ್‌ಟಾಪು ತೆರೆದುಕೊಳ್ಳುತ್ತಿತ್ತು. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಗಂಟೆ ಹನ್ನೆರಡೂವರೆ.

“ಏನೋ ಇದು, ಇಷ್ಟೊತ್ತಿನ ತನಕಾ?” ಎಂದೆವು.

“ವಿಮರ್ಶೆ ಬರೀಲಿಕ್ಕತ್ತೀನಿ ಮಾಮಾ.”

ಬಿ.ಎ.ಯಲ್ಲಿ ಸಾಹಿತ್ಯ ಓದಿದ ನಮಗೆ ಎದೆ ಉಬ್ಬಿತು. “ಯಾವ ಪುಸ್ತಕದ್ದೋ?”

“ಬುಕ್ ಆಫ್ ಡೆಡ್.”

ಮರಣಾನಂತರದ ಗ್ರಂಥ! ಗರುಡಪುರಾಣದಂಥ ಗಂಭೀರ ವಿಷಯಕ್ಕೆ ಈ ವಯಸ್ಸಿನಲ್ಲಿಯೇ ಕೈಹಾಕಿದನಲ್ಲ ಎಂದು ಬೆರಗಾಗಿ ಬಗ್ಗಿ ನೋಡಿದರೆ, ಪರದೆಯ ಮೇಲೆ ಈಜಿಪ್ತಿನ ದೇವತೆಗಳೂ ಟೊಪ್ಪಿಗೆ ಹಾಕಿದ ಒಬ್ಬ ಸಾಹಸಿಯೂ ಐದು ಸಾಲುಗಳಲ್ಲಿ ಗರಗರನೆ ತಿರುಗುತ್ತಿದ್ದರು. ಅದು ಸ್ವೀಡನ್ ದೇಶದ ಪ್ಲೇನ್ ಗೋ ಕಂಪನಿಯವರು 2016ರಲ್ಲಿ ಹೊರತಂದ ಸ್ಲಾಟ್ ಆಟ. ಎಂದರೆ ದುಡ್ಡು ಹಾಕಿ ಗಾಲಿ ತಿರುಗಿಸುವ ಜೂಜಿನ ಯಂತ್ರದ ಅಂತರಜಾಲದ ಅವತಾರ. ಬ್ರಿಟನ್, ಮಾಲ್ಟಾ ಮುಂತಾದ ದೇಶಗಳಲ್ಲಿ ಇದು ಪರವಾನಗಿ ಪಡೆದ ವ್ಯಾಪಾರ. ಅಲ್ಲಿಯ ಆಟಗಾರರಿಗೆ ಯಾವ ಆಟ ಒಳ್ಳೆಯದು ಎಂದು ತಿಳಿಸುವ ವಿಮರ್ಶೆಗಳದೂ ಒಂದು ವ್ಯಾಪಾರ. ಅವುಗಳನ್ನು ಬರೆಸಿಕೊಳ್ಳುವವರು ಎಲ್ಲಿಯೋ, ಓದುವವರು ಎಲ್ಲಿಯೋ, ಬರೆಯುವವನು ಮಾತ್ರ ನಮ್ಮ ಅಡುಗೆಮನೆಯಲ್ಲಿ. ಪದಕ್ಕೆ 60 ಪೈಸೆ. 800 ಪದಗಳ ಒಂದು ವಿಮರ್ಶೆಗೆ 480 ರೂಪಾಯಿ.

“ಬರದದ್ದಕ್ಕ ರೊಕ್ಕಾ ಕೊಡ್ತಾರಂದ್ರ ಛಲೋನೇ ಆತಲ್ಲ. ನೀವೂ ಇಷ್ಟು ವರ್ಷ ಬರದೀರಿ, ಯಾರ್ ಏನ್ ಕೊಟ್ರು?” ಎಂದು ನಮ್ಮ ಶ್ರೀಮತಿಯವರು ಒಳಗಿನಿಂದಲೇ ತೀರ್ಪು ಕೊಟ್ಟರು. ಈ ಅಂಕಣಕ್ಕೆ ಸಂಘದವರು ಕೊಡುವುದು ವರ್ಷಕ್ಕೊಮ್ಮೆ ಒಂದು ಶಾಲು, ಸುಮ್ಮನಾದೆವು.

ವಿಮರ್ಶೆಯ ವಿಧಾನವನ್ನು ಅವನು ನಮಗೆ ಸವಿಸ್ತಾರವಾಗಿ ತೋರಿಸಿದ. ಬರೆಸಿಕೊಳ್ಳುವವರು ಕಳಿಸಿದ ಎರಡು ಪುಟದ ಸೂಚನಾಪತ್ರವಿದ್ದಿತು. ನಮ್ಮ ಕಚೇರಿಯ ಸುತ್ತೋಲೆಗಿಂತ ಸ್ಪಷ್ಟವಾಗಿದ್ದಿತೆಂದು ಒಪ್ಪಬೇಕು. ಮೊದಲು ಆಟದ ಕಥಾವಸ್ತು: ಈಜಿಪ್ತೋ, ರತ್ನಗಳೋ, ಹಣ್ಣುಗಳೋ. ಅನಂತರ ಚಿತ್ರ ಮತ್ತು ಸಂಗೀತ. ಬಳಿಕ ಗಾಲಿಗಳೆಷ್ಟು, ಗೆಲುವಿನ ಸಾಲುಗಳೆಷ್ಟು, ಪುಕ್ಕಟೆ ಸುತ್ತುಗಳು ಹೇಗೆ ಸಿಗುತ್ತವೆ. ಅದಾದ ಮೇಲೆ ತಯಾರಕರು ಕೊಟ್ಟ ಅಂಕಿಗಳು: ಮರಳಿ ಬರುವ ಪ್ರಮಾಣ ಶೇಕಡಾ ಎಷ್ಟು (ಇದಕ್ಕೆ ಆರ್.ಟಿ.ಪಿ. ಎನ್ನುತ್ತಾರೆ), ಏರಿಳಿತ ಹೆಚ್ಚೋ ಕಡಿಮೆಯೋ, ಪಣದ ಎಷ್ಟು ಪಟ್ಟಿನವರೆಗೆ ಗೆಲ್ಲಬಹುದು. ಆಮೇಲೆ ದುಡ್ಡಿಲ್ಲದ ಡೆಮೊ ಆಟದಲ್ಲಿ ನೂರು ಸುತ್ತು ತಿರುಗಿಸಿ “ನಮ್ಮ ಅನುಭವ” ಎಂಬ ಒಂದು ಕಂಡಿಕೆ. ನಾಲ್ಕು ಗುಣ, ಎರಡು ದೋಷ. ಕೊನೆಗೆ ನಕ್ಷತ್ರ. ಸೂಚನಾಪತ್ರದ ಕಡೆಯ ಸಾಲು: ಅಂಕವು 3.5ಕ್ಕಿಂತ ಕೆಳಗೆ ಹೋಗತಕ್ಕದ್ದಲ್ಲ.

“ಕೆಟ್ಟ ಆಟ ಇದ್ರ?” ಎಂದು ಕೇಳಿದೆವು.

“ಅದಕ್ಕs ಮೂರೂವರೆ ಕೊಡೋದು ಮಾಮಾ.”

ನಮ್ಮ ಇಲಾಖೆಯ ವಾರ್ಷಿಕ ಗೋಪ್ಯ ವರದಿಗಳಲ್ಲಿಯೂ “ಉತ್ತಮ” ಎಂದರೆ ಅರ್ಥ ಬೇರೆಯೇ ಇರುತ್ತದೆ. ಆದುದರಿಂದ ಇದು ನಮಗೆ ವಿಚಿತ್ರವೆನಿಸಲಿಲ್ಲ. ಹೀಗೆ ಒಂದು ವರ್ಷದ ಮೇಲೆ ನಡೆಯಿತೆನ್ನಿ. ಅಂಗಡಿಯ ಸಂಬಳದಲ್ಲಿ ಮನೆಗೆ ಕಳಿಸುತ್ತಿದ್ದ, ವಿಮರ್ಶೆಯ ದುಡ್ಡಿನಲ್ಲಿ ತನ್ನ ಖರ್ಚು ಕಳೆಯುತ್ತಿದ್ದ.

2025ರ ಜೂನ್ ತಿಂಗಳ ಒಂದು ಶನಿವಾರ ಅವನು ನಮ್ಮ ಮುಂದೆ ಬಂದು ನಿಂತ ರೀತಿಯಲ್ಲಿಯೇ ಏನೋ ಇದೆಯೆಂದು ಗೊತ್ತಾಯಿತು.

“ಮಾಮಾ, ಒಂದಿಷ್ಟು ರೊಕ್ಕಾ ಬೇಕಾಗಿತ್ತು. ಕ್ಲಾಸಿನ ಫೀ ಕಟ್ಟೋದದ.”

“ಅವ್ವ ಕಳಿಸಿದ್ದಳಲ್ಲೋ? ಯುಗಾದಿಗೇ ಕಳಿಸಿದ್ದಳು.”

ಮಾತಿಲ್ಲ. ಗೋಡೆಯ ಮೇಲಿನ ಸಂಘದ ಕ್ಯಾಲೆಂಡರನ್ನು ನೋಡುತ್ತ ನಿಂತ. ಸ್ವಲ್ಪ ಹೊತ್ತಾದ ಮೇಲೆ ಬಂದ ಮಾತನ್ನು ನಾವು ಹಾಗೆಯೇ ಬರೆಯುತ್ತಿದ್ದೇವೆ. “ನಾಲ್ವತ್ತು ಆಟದ ಬಗ್ಗೆ ಬರದೀನಿ ಮಾಮಾ. ಎಲ್ಲಾ ತಿಳದದ ಅನ್ನಿಸ್ತು. ತೊಂಬತ್ತಾರು ಪರ್ಸೆಂಟ್ ವಾಪಸ್ ಬರ್ತದ ಅಂತ ನಾನೇ ಬರದಿದ್ದೆ.”

ಹೊರದೇಶದಿಂದ ನಡೆಯುವ ಒಂದು ಜೂಜಿನ ಮನೆಯಲ್ಲಿ ಹನ್ನೊಂದು ರಾತ್ರಿ ಆಡಿದ್ದ. ಮೊದಲನೆಯ ರಾತ್ರಿ 2,300 ರೂಪಾಯಿ ಗೆದ್ದಿದ್ದ. ಹನ್ನೊಂದನೆಯ ರಾತ್ರಿ ಮುಗಿಯುವಾಗ ಅಕ್ಕ ಕಳಿಸಿದ 18,400 ರೂಪಾಯಿಗಳೂ ಹೋಗಿದ್ದವು. ಅಕ್ಕ ಅದನ್ನು ಹೊಲಿಗೆಯ ಯಂತ್ರದ ಮುಂದೆ ಕೂತು ಕೂಡಿಸಿದ್ದಳು. ಹುಡುಗ ಪರೀಕ್ಷೆಗೆ ಓದುತ್ತಿದ್ದಾನೆಂದು ನಮ್ಮ ಶ್ರೀಮತಿಯವರು ಹನ್ನೊಂದು ರಾತ್ರಿಯೂ ಚಹಾ ಮಾಡಿಕೊಟ್ಟು ಮಲಗಿದ್ದರು.

ಬೈಯಬೇಕೆಂದು ಬಾಯಿ ತೆರೆದೆವು. ಆದರೆ ಅವನು ಕೇಳಿದ ಒಂದು ಪ್ರಶ್ನೆ ನಮ್ಮ ಬಾಯನ್ನು ಮುಚ್ಚಿಸಿತು. “ತೊಂಬತ್ತಾರು ವಾಪಸ್ ಬರಬೇಕಂದ್ರ, ಹದಿನೆಂಟು ಸಾವಿರದ ನಾಲ್ಕನೂರಕ್ಕ ಏಳುನೂರಾ ಮೂವತ್ತಾರು ರೂಪಾಯಿ ಅಷ್ಟs ಹೋಗಬೇಕಿತ್ತಲ್ಲ ಮಾಮಾ?”

ಬಿ.ಕಾಂ. ಓದಿದವನು ಕೇಳಿದ ಪ್ರಶ್ನೆ ಇದು. ನಾಲ್ವತ್ತು ವಿಮರ್ಶೆ ಬರೆದವನು ಕೇಳಿದ್ದು. ಇವನಿಗೇ ತಿಳಿಯದಿದ್ದರೆ ಇವನ ವಿಮರ್ಶೆ ಓದಿದವರಿಗೆ ಏನು ತಿಳಿದೀತು? ಮರುದಿನ ಭಾನುವಾರ ಕಚೇರಿಯ ಹಳೆಯ ನೋಟುಪುಸ್ತಕ ತೆಗೆದು ಇಬ್ಬರೂ ಕೂತೆವು. ಬಿಲ್ಲು ತಪಾಸಣೆ ಮಾಡಿ ಹನ್ನೆರಡು ವರ್ಷ ಕಳೆದ ನಮಗೆ ಬೇರೇನು ಬಾರದಿದ್ದರೂ ಶೇಕಡಾ ಲೆಕ್ಕ ಬರುತ್ತದೆ.

ತೊಂಬತ್ತಾರು ಎಂಬುದು ಜೇಬಿನಿಂದ ತೆಗೆದ ಹಣದ ಮೇಲಿನ ಲೆಕ್ಕವಲ್ಲ, ಪ್ರತಿಯೊಂದು ಸುತ್ತಿನ ಪಣದ ಮೇಲಿನ ಲೆಕ್ಕ. ಗೆದ್ದ ಹಣ ಮತ್ತೆ ಪಣವಾಗುತ್ತದೆ. ಅದರ ಮೇಲೆ ಮತ್ತೆ ನಾಲ್ಕು ಕಡಿತ. 500 ರೂಪಾಯಿ ತಂದು, ಸುತ್ತಿಗೆ 10ರಂತೆ ಆಡುವವನನ್ನು ತೆಗೆದುಕೊಳ್ಳಿರಿ. ಐವತ್ತು ಸುತ್ತು ಆಡಿದಾಗ ಸರಾಸರಿಯಲ್ಲಿ ಉಳಿಯುವುದು 480. ಅಷ್ಟನ್ನೂ ಇನ್ನೊಮ್ಮೆ ಆಡಿದರೆ 460 ರೂಪಾಯಿ 80 ಪೈಸೆ. ಹೀಗೆ ಹದಿನೇಳು ಸಲ ಇದ್ದಷ್ಟನ್ನೂ ತಿರುಗಿಸುವಷ್ಟರಲ್ಲಿ ಅರ್ಧ ಕರಗಿರುತ್ತದೆ. ಅದಕ್ಕೆ ಬೇಕಾದ ಸುತ್ತುಗಳು 625ರ ಸುಮಾರು. ನಿಮಿಷಕ್ಕೆ ಹತ್ತರಂತೆ ಒಂದು ತಾಸಿನ ಕೆಲಸ. ಇದು ಸರಾಸರಿ. ಒಬ್ಬ ಗೆದ್ದು ಏಳಬಹುದು, ಇನ್ನೊಬ್ಬ ಹತ್ತು ನಿಮಿಷದಲ್ಲಿ ಬರಿಗೈಯಾಗಬಹುದು.

ಚಿರಂಜೀವಿಯ ಖಾತೆಯಲ್ಲಿ ಒಟ್ಟು ಪಣದ ಲೆಕ್ಕವೂ ಸಿಕ್ಕಿತು. ನೋಡಿ ನಮ್ಮ ಕನ್ನಡಕ ಜಾರಿತು: 3,86,000 ರೂಪಾಯಿ! ಸುತ್ತಿಗೆ 20ರಂತೆ 19,300 ಸುತ್ತು. ರಾತ್ರಿಗೆ ಮೂರು ತಾಸಿನ ಹತ್ತಿರ. ಹುಡುಗ ಅಷ್ಟು ಹಣವನ್ನು ಜನ್ಮದಲ್ಲಿ ಕಂಡವನಲ್ಲ. ಅದೇ ಹದಿನೆಂಟು ಸಾವಿರ ಹೋಗಿ ಬಂದು ಹೋಗಿ ಬಂದು, ಪ್ರತಿ ಸಲವೂ ಬಾಗಿಲಲ್ಲಿ ಸುಂಕ ತೆತ್ತು, ತೀರಿಹೋಯಿತು. ಶೇಕಡಾ 4ರಂತೆ 15,440 ಆಗುತ್ತದೆ, ಹೋದದ್ದು 18,400. ಉಳಿದದ್ದೆಲ್ಲಿ ಎಂದು ಹುಡುಕಲು ಆಟದ ಮೂಲೆಯಲ್ಲಿದ್ದ ಪ್ರಶ್ನೆಯ ಗುರುತನ್ನು ಒತ್ತಿ, ಸಹಾಯದ ಪುಟಗಳನ್ನು ಕೊನೆಯವರೆಗೆ ಓದಿದೆವು. ಆರನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ 94 ಎಂದಿತ್ತು. ಹಾಗಾದರೆ 23,160 ಹೋಗಬೇಕಿತ್ತು. ಒಟ್ಟಿನಲ್ಲಿ ಚಿರಂಜೀವಿ ಅದೃಷ್ಟವಂತನೆಂದೇ ಹೇಳಬೇಕು.

ವಿಮರ್ಶೆಯಲ್ಲಿ 96, ಆಟದಲ್ಲಿ 94. ಇದು ಹೇಗೆ? ಮೋಸವೇನೂ ಇಲ್ಲವಂತೆ. ಅನೇಕ ತಯಾರಕರು ಒಂದೇ ಆಟವನ್ನು ಹಲವು ದರಗಳಲ್ಲಿ ತಯಾರಿಸಿ ಕೊಡುತ್ತಾರೆ. ಜೂಜಿನ ಮನೆಯವನು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಬುಕ್ ಆಫ್ ಡೆಡ್ ಆಟದ ಮೇಲಿನ ದರ 96.21. ಅದೇ ಚಿತ್ರ, ಅದೇ ಸಂಗೀತ, ಅದೇ ಟೊಪ್ಪಿಗೆಯ ಸಾಹಸಿಯೊಂದಿಗೆ 94ರದೂ ಇದೆ, 91ರದೂ ಇದೆ, 87ರದೂ ಇದೆ. ವಿಮರ್ಶೆಗಳಲ್ಲಿ ಸಾಧಾರಣವಾಗಿ ಬರುವುದು ಮೇಲಿನ ದರ. ಮಂಜೂರಾದ ಮೊತ್ತ ಬೇರೆ, ಕೈಗೆ ಬರುವ ಮೊತ್ತ ಬೇರೆ ಎಂಬುದು ನಮ್ಮ ಇಲಾಖೆಯಲ್ಲಿ ಜವಾನನಿಗೂ ಗೊತ್ತು. ಇನ್ನು 96ಕ್ಕೂ 94ಕ್ಕೂ ಎರಡೇ ಅಂತರವಲ್ಲವೆ ಎನ್ನುವವರು ಒಂದು ಸಂಗತಿ ಗಮನಿಸಬೇಕು. ಆಟಗಾರ ತೆರುವ ಬೆಲೆ ನೂರರಿಂದ ಕಳೆದ ಮೇಲೆ ಉಳಿಯುವ ಅಂಕಿ. ನಾಲ್ಕು ಇದ್ದದ್ದು ಆರಾಯಿತು. ಎಂದರೆ ಬೆಲೆ ಒಂದೂವರೆ ಪಟ್ಟು. 87 ಆದರೆ ಬೆಲೆ ಹದಿಮೂರು, ಮೂರು ಪಟ್ಟಿಗಿಂತ ಹೆಚ್ಚು. ಅಕ್ಕಿಯ ಬೆಲೆ ಹೀಗೆ ಏರಿದ್ದರೆ ನಮ್ಮ ಶ್ರೀಮತಿಯವರು ಬೀದಿಗಿಳಿಯುತ್ತಿದ್ದರು. ನಕ್ಷತ್ರಗಳು ಮಾತ್ರ ನಾಲ್ಕೂವರೆಯಲ್ಲಿಯೇ ನಿಂತಿರುತ್ತವೆ.

ಏರಿಳಿತವೆಂಬುದನ್ನು ಚಿರಂಜೀವಿ ನಮಗೆ ತಿಳಿಸಿದ. ಇದರಲ್ಲಿ ಅವನೇ ಗುರು. ನೆಟ್‌ಎಂಟ್ ಎಂಬ ಕಂಪನಿ 2012ರಲ್ಲಿ ತಂದ ಸ್ಟಾರ್‌ಬರ್ಸ್ಟ್ ಎಂಬ ರತ್ನಗಳ ಆಟದ ದರ 96.09, ಬುಕ್ ಆಫ್ ಡೆಡ್ಡಿಗೆ ಹತ್ತಿರಹತ್ತಿರ ಸಮ. ಆದರೆ ಮೊದಲನೆಯದು ಚಿಲ್ಲರೆಯನ್ನು ಆಗಾಗ ಉದುರಿಸುತ್ತಿರುತ್ತದೆ, ದೊಡ್ಡ ಗೆಲುವು ಪಣದ 500 ಪಟ್ಟು ಮಾತ್ರ. ಎರಡನೆಯದು ಬಹಳ ಹೊತ್ತು ಏನೂ ಕೊಡದೆ, ಎಂದಾದರೊಮ್ಮೆ ದೊಡ್ಡದಾಗಿ ಕೊಡುತ್ತದೆ. ಅದರ ಮಿತಿ 5,000 ಪಟ್ಟು. ಮೊದಲನೆಯದು ನಮ್ಮ ಸಂಬಳವಿದ್ದಂತೆ, ಎರಡನೆಯದು ನವಲಗುಂದದ ಕಡೆಯ ಮಳೆ ನಂಬಿದ ಹೊಲವಿದ್ದಂತೆ. ಆದರೆ ಹೊಲದಲ್ಲಿ ಒಳ್ಳೆಯ ವರ್ಷ ಬಂದರೆ ರೈತನಿಗೆ ಲಾಭವಾಗುತ್ತದೆ; ಇಲ್ಲಿ ಹಿಂದಿನ ನೂರು ಕೆಟ್ಟ ಸುತ್ತುಗಳನ್ನು ಯಂತ್ರ ನೆನಪಿಟ್ಟುಕೊಂಡು ಮುಂದೆ ತೀರಿಸುವುದಿಲ್ಲ. ಪ್ರತಿಯೊಂದು ಸುತ್ತೂ ಹೊಸದಾಗಿ ಎತ್ತಿದ ಚೀಟಿ. “ಈ ಆಟ ಈಗ ಬಿಸಿಯಾಗಿದೆ” ಎಂದು ವಿಮರ್ಶೆಗಳಲ್ಲಿ ಬರೆಯುವುದುಂಟು. ಚಿರಂಜೀವಿಯೂ ಬರೆದಿದ್ದ, ಹನ್ನೊಂದು ರಾತ್ರಿ ಅದನ್ನು ನಂಬಿಯೂ ಇದ್ದ.

ಆ ನೂರು ಸುತ್ತುಗಳ “ನಮ್ಮ ಅನುಭವ”ದ ಬೆಲೆಯೇನು? ತಯಾರಕರು ದರ ನಿಶ್ಚಯಿಸುವುದು ಗಣಿತದಿಂದ ಮತ್ತು ಗಣಕದಲ್ಲಿ ಕೋಟಿಗಟ್ಟಲೆ ಸುತ್ತುಗಳನ್ನು ಓಡಿಸಿ. 96ರ ಯಂತ್ರವನ್ನೂ 94ರ ಯಂತ್ರವನ್ನೂ ಆಡಿಯೇ ಬೇರ್ಪಡಿಸಬೇಕಾದರೆ ಲಕ್ಷಗಟ್ಟಲೆ ಸುತ್ತು ಬೇಕು. ನೂರು ಸುತ್ತು ತಿರುಗಿಸಿ ಅಭಿಪ್ರಾಯ ಹೇಳುವುದೆಂದರೆ ಒಂದು ಅಗುಳು ಹಿಸುಕಿ ಇಡೀ ಊರಿನ ಮದುವೆಯೂಟದ ವರದಿ ಕೊಟ್ಟಂತೆ.

ಹಿಂದಿನ ಕಾಲದಲ್ಲಿ ಕಣ್ಣಿದ್ದವನು ಎಣಿಸಿಕೊಳ್ಳಬಹುದಿತ್ತು. ಬವೇರಿಯದಿಂದ ಅಮೆರಿಕಕ್ಕೆ ಹೋದ ಚಾರ್ಲ್ಸ್ ಫೇ ಎಂಬ ಯಂತ್ರಕುಶಲಿ 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಿಬರ್ಟಿ ಬೆಲ್ ಎಂಬ ಯಂತ್ರ ಮಾಡಿದ. ಮೂರು ಗಾಲಿ, ಗಾಲಿಗೆ ಹತ್ತು ನಿಲುಗಡೆ. ಹತ್ತು ಹತ್ತಲೆ ಹತ್ತಲೆ ಸಾವಿರ ಜೋಡಣೆ, ಮುಗಿಯಿತು. 1984ರಲ್ಲಿ ಇಂಗೆ ಟೆಲ್ನೆಸ್ ಎಂಬವನು ಅಮೆರಿಕದಲ್ಲಿ ಪಡೆದ ಪೇಟೆಂಟು ಈ ಲೆಕ್ಕವನ್ನು ಕಣ್ಣಿಗೆ ಕಾಣದಂತೆ ಮಾಡಿತು. ಕಾಣುವ ಗಾಲಿಯ ಮೇಲೆ 22 ನಿಲುಗಡೆ ಇರಲಿ. ಒಳಗೆ ಗಣಕ 64 ಅಂಕೆಗಳಿಂದ ಒಂದನ್ನು ಆರಿಸುತ್ತದೆ. ದೊಡ್ಡ ಬಹುಮಾನದ ಚಿತ್ರಕ್ಕೆ ಒಂದೇ ಅಂಕೆ, ಅದರ ಮೇಲಿನ ಕೆಳಗಿನ ಬರಿಯ ಜಾಗಗಳಿಗೆ ಹಲವು ಅಂಕೆ ಕೊಟ್ಟರಾಯಿತು. ಆಡುವವನ ಕಣ್ಣಿಗೆ 10,648 ಜೋಡಣೆ, ನಿಜವಾಗಿ 2,62,144. ಬಹುಮಾನದ ಚಿತ್ರ ಮತ್ತೆ ಮತ್ತೆ ಕೂದಲೆಳೆಯಲ್ಲಿ ತಪ್ಪಿದಂತೆ ತೋರುತ್ತದೆ. ಇಂದಿನ ಪರದೆಯ ಆಟದಲ್ಲಿ ಗಾಲಿಯೇ ಇಲ್ಲ. ಗುಂಡಿ ಒತ್ತಿದ ಕ್ಷಣದಲ್ಲಿ ಫಲ ನಿಶ್ಚಯವಾಗಿಬಿಟ್ಟಿರುತ್ತದೆ, ಉಳಿದ ತಿರುಗಾಟವೆಲ್ಲ ಮೆರವಣಿಗೆ. ವಿಮರ್ಶಕರು ಅಂಕ ಕೊಡುವುದು ಬಹುಮಟ್ಟಿಗೆ ಈ ಮೆರವಣಿಗೆಗೆ.

ಇನ್ನೊಂದು ಚಮತ್ಕಾರ. ಹತ್ತು ಸಾಲುಗಳ ಮೇಲೆ ಹತ್ತು ರೂಪಾಯಿ ಹೂಡಿದಿರಿ. ಒಂದು ಸಾಲಿನಲ್ಲಿ ಮೂರು ರೂಪಾಯಿ ಬಂದಿತು. ಕಳೆದುಕೊಂಡದ್ದು ಏಳು. ಆದರೆ ಗಂಟೆ ಬಾರಿಸುತ್ತದೆ, ದೀಪ ಮಿಣುಕುತ್ತದೆ, ಚಿನ್ನದ ನಾಣ್ಯ ಸುರಿಯುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಆಡುವವರ ಮೈ ಈ ವೇಷಧಾರಿ ಸೋಲಿಗೆ ಗೆಲುವಿಗೆ ಪುಳಕಗೊಂಡಂತೆಯೇ ಪುಳಕಗೊಂಡದ್ದು ಕಂಡುಬಂದಿತು. ಬ್ರಿಟನ್ನಿನಲ್ಲಿ 2021ರ ಅಕ್ಟೋಬರ್ 31ರಿಂದ ಸೋಲಿಗೆ ಹೀಗೆ ವಾದ್ಯ ಬಾರಿಸುವುದನ್ನು ನಿಲ್ಲಿಸಿದರು. ಸುತ್ತಿಗೂ ಸುತ್ತಿಗೂ ನಡುವೆ ಕನಿಷ್ಠ ಎರಡೂವರೆ ಸೆಕೆಂಡು ಇರಬೇಕು, ತಾನಾಗಿ ತಿರುಗುತ್ತ ಹೋಗುವ ಸೌಲಭ್ಯ ಕೂಡದು ಎಂದೂ ವಿಧಿಸಿದರು. 2025ರ ಏಪ್ರಿಲಿನಿಂದ ಅಲ್ಲಿ ಒಂದು ಸುತ್ತಿಗೆ 5 ಪೌಂಡಿನ ಮಿತಿ, ಮೇ ತಿಂಗಳಿನಿಂದ 18ರಿಂದ 24 ವಯಸ್ಸಿನವರಿಗೆ 2 ಪೌಂಡಿನ ಮಿತಿ. ಚಿರಂಜೀವಿಯ ಸೂಚನಾಪತ್ರದಲ್ಲಿ ಮಾತ್ರ “ಪರಿಣಾಮಕಾರಿ ಸಂಗೀತ”ಕ್ಕೆ ಅರ್ಧ ನಕ್ಷತ್ರ ಉಂಟು.

ಹಾಗಾದರೆ ಪ್ರಾಮಾಣಿಕ ಪರೀಕ್ಷೆಯೇ ಇಲ್ಲವೆ? ಇದೆ. ಲಂಡನ್ನಿನ ಇಕೋಗ್ರಾ, ಅಮೆರಿಕದ ಗೇಮಿಂಗ್ ಲ್ಯಾಬೊರೇಟರೀಸ್ ಇಂಟರ್‌ನ್ಯಾಶನಲ್ ಮೊದಲಾದ ಸಂಸ್ಥೆಗಳು ಆಟದ ಒಳಗಿನ ಅಂಕೆಗಳು ನಿಜವಾಗಿ ಯದೃಚ್ಛೆಯಿಂದ ಬರುತ್ತವೆಯೆ, ದರ ಬರೆದಂತೆಯೇ ಇದೆಯೆ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ. ಅಂಥ ಪ್ರಮಾಣಪತ್ರವಿದ್ದರೆ, ನಾವು ಲೆಕ್ಕಬದ್ಧವಾಗಿಯೇ ಸೋಲುತ್ತೇವೆ ಎಂಬ ಭರವಸೆ ಇದ್ದಂತಾಯಿತು. ವಿಮರ್ಶಕರಲ್ಲಿಯೂ ಎಲ್ಲ ದರಗಳನ್ನೂ ಬರೆದು, ಆಟದೊಳಗಿನ ಪುಟ ತೆರೆದು ನೋಡಿಕೊಳ್ಳಿ ಎಂದು ಎಚ್ಚರಿಸುವವರಿದ್ದಾರೆ. ಅವರ ಮಾತು ಸಾವಧಾನದ ಮಾತು, ಓದುಗರು ಕಡಿಮೆ.

ಸ್ವಾಗತದ ಉಡುಗೊರೆಯ ಲೆಕ್ಕವನ್ನೂ ಮಾಡಿದೆವು. 1,000 ರೂಪಾಯಿ ಪುಕ್ಕಟೆ; ಆದರೆ ಕೈಗೆ ತೆಗೆದುಕೊಳ್ಳುವ ಮೊದಲು ಅದರ 35 ಪಟ್ಟು ಪಣ ಹೂಡಬೇಕು. 35,000ಕ್ಕೆ ಶೇಕಡಾ ನಾಲ್ಕರಂತೆ 1,400. ಸಾವಿರದ ಉಡುಗೊರೆಗೆ ಸರಾಸರಿ ಹದಿನಾಲ್ಕುನೂರು ಕಂದಾಯ. ಚಿರಂಜೀವಿ ಅದನ್ನು “ಉದಾರ ಸ್ವಾಗತ” ಎಂದು ಬರೆದಿದ್ದ. ಆ ದಿನ ಅವನು ಆ ಸಾಲನ್ನು ಓದಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತ.

ಇಷ್ಟಾದರೂ ನಮಗೊಂದು ತಿಳಿಯಲಿಲ್ಲ. 480 ರೂಪಾಯಿ ಕೊಟ್ಟು ಬರೆಸಿ, ಓದುಗರಿಂದ ಕಾಸೂ ಕೇಳದವರು ಬದುಕುವುದು ಹೇಗೆ? ವಿಮರ್ಶೆಯ ಕೆಳಗೆ “ಇಲ್ಲಿ ಆಡಿ” ಎಂದು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಹೋಗಿ ಹಣ ಕಟ್ಟಿದವನ ತಲೆಗೆ ಇಂತಿಷ್ಟು ಎಂದು ಜೂಜಿನ ಮನೆಯವರು ಕೊಡುತ್ತಾರೆ; ಇಲ್ಲವೆ ಅವನು ಸೋತ ಹಣದಲ್ಲಿ ಪಾಲು ಕೊಡುತ್ತಾರೆ. ಪಾಲಿನ ಕರಾರಾದರೆ ಆತ ಆಡುವವರೆಗೂ ಅದು ನಡೆಯುತ್ತದೆ.

ನಮ್ಮ ಕಡೆಯ ದನದ ಸಂತೆಯಲ್ಲಿ ದಲ್ಲಾಳಿ ಇರುತ್ತಾನೆ. ಎತ್ತಿನ ಹಲ್ಲು ನೋಡಿ, ಬಾಲ ತಿರುವಿ, ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಹೊಗಳುವುದು ಅವನ ಕಸಬು. ಅದು ಕೊಳ್ಳುವವನಿಗೂ ಗೊತ್ತು. ಆದರೆ ಮನೆಗೆ ಹೋದ ಎತ್ತು ಬಿದ್ದು ಸತ್ತರೆ ದಲ್ಲಾಳಿಗೆ ಏನೂ ದಕ್ಕುವುದಿಲ್ಲ; ಮುಂದಿನ ಸಂತೆಗೆ ಅವನು ತಲೆ ತಪ್ಪಿಸಿಕೊಂಡು ತಿರುಗಬೇಕಾಗುತ್ತದೆ. ಇಲ್ಲಿ ಕೊಂಡವನ ಎತ್ತು ಸತ್ತಷ್ಟೂ ದಲ್ಲಾಳಿಯ ಗಲ್ಲೆ ತುಂಬುತ್ತದೆ.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ, ಗಿರಣಿಯಲ್ಲಿ ದುಡಿದವರು, ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. 1962ರ ಸುಮಾರಿಗೆ ವರಳಿಯಲ್ಲಿ ಮಟ್ಕಾ ಶುರುವಾದ ಮೇಲೆ ಗಿರಣಿಯ ಬಾಗಿಲಲ್ಲಿ ಹಳೆಯ ಅಂಕಿಗಳ ಚಾರ್ಟು ಹಿಡಿದು ನಾಳೆಯ ಅಂಕಿ ಹೇಳುವವರು ನಿಲ್ಲುತ್ತಿದ್ದರಂತೆ. ನಮ್ಮ ಊರ ಕಡೆ ಅದಕ್ಕೆ ಓಸಿ ಎನ್ನುತ್ತಾರೆ. “ನಾಳಿನ ಅಂಕಿ ಗೊತ್ತಿದ್ದಂವ ನಾಕಾಣೆಗೆ ಅದನ್ನ ಮಾರ್ತಾನೇನು? ಆದ್ರೂ ನಾನು ಎರಡು ವರ್ಷ ಕೊಂಡೆ,” ಎಂದರು. ಅಷ್ಟು ಹೇಳಿ ಆ ಹಿರಿಯರು ಮಾತು ಬದಲಿಸಿದರು, ನಾವೂ ಕೇಳಲಿಲ್ಲ.

2025ರ ಅಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಹಣ ಹೂಡಿಸುವ ಆಟಗಳನ್ನು, ಅದೃಷ್ಟದ್ದಾಗಲಿ ಚಾತುರ್ಯದ್ದಾಗಲಿ, ನಡೆಸುವುದು ಅದರಂತೆ ಅಪರಾಧ. ಅವುಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಬ್ಯಾಂಕುಗಳು ಅಂಥ ಹಣ ಸಾಗಿಸಕೂಡದು. ಆಡಿದವನಿಗೆ ಶಿಕ್ಷೆಯಿಲ್ಲ. ಪತ್ರಿಕೆಯಲ್ಲಿ ಇದನ್ನು ಓದಿ ನಮ್ಮ ಶ್ರೀಮತಿಯವರು “ಬರದವರಿಗೂ ಹಿಡೀತಾರೇನ್ರೀ?” ಎಂದು ಕೇಳಿದಾಗ ಅವರ ದನಿ ಸರಿಯಿರಲಿಲ್ಲ. ಅದೃಷ್ಟಕ್ಕೆ ಆ ವೇಳೆಗೆ ಅವನು ಬರೆಯುವುದನ್ನು ಬಿಟ್ಟು ಒಂದು ತಿಂಗಳಾಗಿದ್ದಿತು.

ಬಿಟ್ಟ ರೀತಿಯನ್ನೂ ಹೇಳಬೇಕು. ಜೂನಿನಲ್ಲಿ ನಾವು ಕಚೇರಿಯ ಕ್ರೆಡಿಟ್ ಸೊಸೈಟಿಯಿಂದ ಸಾಲ ತೆಗೆದು ಫೀ ಕಟ್ಟಿದೆವು. ತಿಂಗಳಿಗೆ 1,500ರಂತೆ ನಮಗೆ ತೀರಿಸತಕ್ಕದ್ದೆಂದು ಕರಾರು. ಅಕ್ಕನಿಗೆ ಫೋನು ಮಾಡಿ ಹೇಳತಕ್ಕವನು ಅವನೇ ಎಂಬುದು ಇನ್ನೊಂದು ಕರಾರು. ಬಾಲ್ಕನಿಯ ಬಾಗಿಲು ಮುಚ್ಚಿಕೊಂಡು ಮುಕ್ಕಾಲು ತಾಸು ಮಾತನಾಡಿ ಬಂದ, ಊಟ ಮಾಡಲಿಲ್ಲ. ಮುಂದಿನ ಭಾನುವಾರ ಅಕ್ಕನೇ ನಮಗೆ ಫೋನು ಮಾಡಿ ಮಳೆಯ ವಿಚಾರ ಕೇಳಿದಳು, ಹೆಸರುಕಾಳಿನ ಬೆಲೆ ಹೇಳಿದಳು, ಇಟ್ಟಳು.

ಜುಲೈಯಲ್ಲಿ ಕೈಯಲ್ಲಿದ್ದ ಕೊನೆಯ ವಿಮರ್ಶೆಯೊಂದು ಬಾಕಿಯಿತ್ತು. ಅದನ್ನು ಚಿರಂಜೀವಿ ಒಂದು ಸಂಜೆ ಬರೆದು ನಮಗೆ ಓದಿ ತೋರಿಸಿದ. ಚಿತ್ರ ಚೆನ್ನಾಗಿದೆ ಎಂದು ಬರೆದಿದ್ದ, ಚೆನ್ನಾಗಿಯೇ ಇತ್ತು. ಸಂಗೀತಕ್ಕೆ ಒಂದು ಸಾಲು. ಆಮೇಲೆ “ತಾಸಿಗೆ ತಗಲುವ ವೆಚ್ಚ” ಎಂಬ ಹೊಸ ತಲೆಬರಹ: ಸುತ್ತಿಗೆ ಒಂದು ಪೌಂಡಿನಂತೆ, ನಿಮಿಷಕ್ಕೆ ಹತ್ತು ಸುತ್ತಿನಂತೆ ಆಡಿದರೆ, 96ರ ದರದಲ್ಲಿ ಸರಾಸರಿ 24 ಪೌಂಡು, ನೀವು ಹೋದ ಮನೆಯಲ್ಲಿ 94 ಇಟ್ಟಿದ್ದರೆ 36. ಯಾವುದೆಂದು ತಿಳಿಯಲು ಆಟದೊಳಗಿನ ಸಹಾಯದ ಪುಟಗಳನ್ನು ಕೊನೆಯವರೆಗೆ ಓದಿರಿ. ನೂರು ಸುತ್ತು ಆಡಿದೆ. ಅದರಿಂದ ನಿಮಗೆ ತಿಳಿಸಬಹುದಾದದ್ದು ಏನೂ ಇಲ್ಲ. ನಕ್ಷತ್ರದ ಜಾಗವನ್ನು ಖಾಲಿ ಬಿಟ್ಟಿದ್ದ.

ಎರಡು ದಿನದಲ್ಲಿ ಅದು ಹಿಂದಕ್ಕೆ ಬಂದಿತು. ಧಾಟಿ ಆಕರ್ಷಕವಾಗಿಲ್ಲ, ಅಂಕ ನಮೂದಿಸಿಲ್ಲ, ತಿದ್ದಿ ಕಳಿಸತಕ್ಕದ್ದು ಎಂದು ಷರಾ. ಅವನು ತಿದ್ದಲಿಲ್ಲ, ಅವರು 480 ರೂಪಾಯಿ ಕೊಡಲಿಲ್ಲ.

ಆ ತಿಂಗಳ ಕಂತಿನ ಹಣ ತಂದು ಮೇಜಿನ ಮೇಲಿಟ್ಟಾಗ ನಮ್ಮ ಶ್ರೀಮತಿಯವರು ಎಣಿಸಿ, 1,020 ತೆಗೆದುಕೊಂಡು, ಉಳಿದದ್ದನ್ನು ಅವನ ಮುಂದೆ ಸರಿಸಿದರು. ನೋಟುಪುಸ್ತಕದಲ್ಲಿ 1,500 ಜಮಾ ಎಂದು ಬರೆಯಲು ನಮಗೆ ಹೇಳಿದರು.